ಮಾಗಿಯ ಚಳಿಯೂ ಬೈಸಿಕಲ್ ಬಳಗವೂ

ಶಪಥ ಮಾಡುವುದಕ್ಕೆ ರಾತ್ರಿಯ ಊಟವಾದ ಮೇಲಿನ ಹೊತ್ತು ಬಹು ಪ್ರಶಸ್ತವಾದುದು. "ನಾಳೆ ಐದೂವರೆಗೆ ಸರಿಯಾಗಿ" ಎಂದು ಹತ್ತು ಮಂದಿಯೂ ಒಕ್ಕೊರಲಿನಿಂದ ಒಪ್ಪುತ್ತಾರೆ. ಅದನ್ನು ನಡೆಸಿಕೊಡಬೇಕಾದ ಹೊತ್ತು ಬಂದಾಗ ಮಾತ್ರ, ಹೊದ್ದ ಕಂಬಳಿಗೆ ಇರುವ ವಾದಶಕ್ತಿ ಯಾವ ತರ್ಕಪಂಡಿತನಿಗೂ ಇರುವುದಿಲ್ಲ. ಚಂದಕವಾಡಿಯಂಥ ಊರಿನಲ್ಲಿ ದೀಪಾವಳಿಯ ಸುಮಾರಿಗೆ ಬೆಳಗಿನ ಬೈಸಿಕಲ್ ಸವಾರಿಗೆಂದು ಹತ್ತು ಮಂದಿ ಕೂಡಿದರೆ, ಧನುರ್ಮಾಸದ ವೇಳೆಗೆ ಆ ಹತ್ತು ನಾಲ್ಕಾಗುವುದು ಸೋಜಿಗವಲ್ಲ. "ಇವತ್ತೊಂದಿನ ಬುಡ್ರಪ್ಪ, ನಾಳಿಕ್ ಬತ್ತೀನಿ" ಎಂಬ ಉತ್ತರ ಮುಚ್ಚಿದ ಬಾಗಿಲ ಹಿಂದಿನಿಂದಲೇ ಬರುತ್ತದೆ.

ಈ ಸೀಮೆಯ ಚಳಿ ಹಿಮಾಲಯದ ಚಳಿಯೇನಲ್ಲ. ಆದರೆ ನಿಂತವನ ಚಳಿ ಬೇರೆ, ಸವಾರನ ಚಳಿ ಬೇರೆ. ಎಲೆಯೂ ಅಲುಗದ ಮುಂಜಾವಿನಲ್ಲಿ ಗಂಟೆಗೆ 20 ಕಿಲೋಮೀಟರಿನಂತೆ ಸಾಗುವವನು ಅಷ್ಟೇ ವೇಗದ ಎದುರುಗಾಳಿಯನ್ನು ತಾನೇ ಬರಮಾಡಿಕೊಳ್ಳುತ್ತಾನೆ. ಮೈಯನ್ನು ಬಳಸಿ ನಿಂತ ಬಿಸಿಗಾಳಿಯ ತೆಳುಪದರವನ್ನು ಅದು ಕ್ಷಣಕ್ಷಣಕ್ಕೂ ಹೊತ್ತೊಯ್ಯುತ್ತದೆ. ಮೊದಲು ಮರಗಟ್ಟುವುವು ಬೆರಳುಗಳು. ಬ್ರೇಕು ಹಿಡಿಯಬೇಕಾದುವೂ ಅವೇ. ಆದುದರಿಂದ ಕೈಗವಸು ಷೋಕಿಯ ವಸ್ತುವಲ್ಲ. ಎದೆಗೆ ದುಬಾರಿ ಉಡುಪೇ ಬೇಕೆಂದಿಲ್ಲ. ಯೂರೋಪಿನ ಹೆಸರಾಂತ ಪಂದ್ಯಗಳ ಸವಾರರೂ ಪರ್ವತದಿಂದ ಇಳಿಯುವಾಗ ಅಂಗಿಯೊಳಗೆ ವೃತ್ತಪತ್ರಿಕೆಯ ಹಾಳೆ ತುರುಕಿಕೊಂಡು ಗಾಳಿಯನ್ನು ತಡೆದವರೇ. ಚಳಿಗೆ ರಕ್ತನಾಳಗಳು ಕುಗ್ಗಿ ರಕ್ತದ ಒತ್ತಡ ಏರುವುದರಿಂದ, ಅದರಲ್ಲಿಯೂ ನಲವತ್ತು ದಾಟಿದವರು, ಮೊದಲ ಕಾಲು ಗಂಟೆ ಮೆಲ್ಲಗೆ ತುಳಿಯುವುದು ಕ್ಷೇಮ.

ಬಳಗ ಒಡೆಯುವುದಕ್ಕೆ ಚಳಿಯೊಂದೇ ಕಾರಣವಲ್ಲ. ಕತ್ತಲೆಯ ಪಾಲೂ ಉಂಟು. ಹಗಲು ಅತ್ಯಂತ ಚಿಕ್ಕದಾಗುವುದು ಡಿಸೆಂಬರ್ 21 ಅಥವಾ 22ರಂದು. ಆಮೇಲೆ ಬೆಳಗು ಬೇಗ ಆದೀತೆಂದು ಎಲ್ಲರೂ ನಂಬುತ್ತಾರೆ. ಆದರೆ ಈ ಅಕ್ಷಾಂಶದಲ್ಲಿ ಬೆಳೆಯುವುದು ಮೊದಲು ಸಂಜೆ. ಸೂರ್ಯೋದಯ ಜನವರಿಯ ಕೊನೆಯ ಭಾಗದವರೆಗೂ ತಡವಾಗುತ್ತಲೇ ಹೋಗಿ 6 ಗಂಟೆ 45 ನಿಮಿಷದ ಆಸುಪಾಸಿಗೆ ಬಂದು ನಿಲ್ಲುತ್ತದೆ. ಸಂಕ್ರಾಂತಿಯ ಎಳ್ಳುಬೆಲ್ಲ ಹಂಚಿಯಾದ ಮೇಲೂ ಕತ್ತಲೆ ಕರಗದಿದ್ದರೆ ಉತ್ಸಾಹ ತಾನೇ ಎಷ್ಟು ದಿನ ಉಳಿದೀತು? ದಿನದಿನವೂ ಹೊತ್ತಿನ ಚರ್ಚೆ ನಡೆಸುವುದಕ್ಕಿಂತ, ಇಡೀ ಮಾಗಿಗೆ ಅರ್ಧ ಗಂಟೆ ತಡಮಾಡಿ ಹೊರಡುವುದೆಂದು ಒಮ್ಮೆ ಗೊತ್ತುಮಾಡಿ, ಅದನ್ನು ಕದಲಿಸದಿರುವುದು ಜಾಣತನ.

ಈ ವಿದ್ಯೆ ಹಳ್ಳಿಗೆ ಹೊಸದಲ್ಲ. ಧನುರ್ಮಾಸದ ಪೂಜೆ ಸೂರ್ಯೋದಯಕ್ಕೆ ಮುನ್ನವೇ ಆಗಬೇಕು. ಹುಗ್ಗಿಯ ಪ್ರಸಾದ ಎದ್ದು ಬಂದವರಿಗೆ ಬಿಸಿಯಾಗಿ ಸಿಕ್ಕುತ್ತದೆ. ಹಾಲಿನ ಡೈರಿಯ ಮುಂದೆ ಅದೇ ಚಳಿಯಲ್ಲಿ ಕ್ಯಾನು ಹಿಡಿದು ಸಾಲುಗಟ್ಟುವವರನ್ನು ವೀರರೆಂದು ಯಾರೂ ಹೊಗಳುವುದಿಲ್ಲ. ಅಳತೆಗೆ ಒಂದು ಹೊತ್ತುಂಟು, ಅಳೆಯುವವನು ಕಾದಿರುತ್ತಾನೆ. ಆದುದರಿಂದ ಅವರು ಬರುತ್ತಾರೆ. ಸವಾರರ ಬಳಗಕ್ಕೂ ಬೇಕಾದುದು ಇಷ್ಟೇ: ಒಂದು ಹೊತ್ತು, ಒಂದು ತಾವು, ಅಲ್ಲಿ ತಪ್ಪದೆ ನಿಂತಿರುವ ಒಬ್ಬ ಮನುಷ್ಯ. ಕತ್ತಲಲ್ಲಿ ತನಗಾಗಿ ಒಬ್ಬನು ನಡುಗುತ್ತ ನಿಂತಿದ್ದಾನೆಂಬ ಅರಿವು ಗಡಿಯಾರದ ಗಂಟೆಗಿಂತ ಜೋರಾಗಿ ಬಾರಿಸುತ್ತದೆ.

ಮೈಸೂರು, ಊಟಿಯ ಸೀಮೆಗಳನ್ನು ಸುತ್ತುವ 'ಟೂರ್ ಆಫ್ ನೀಲಗಿರೀಸ್' ಬೈಸಿಕಲ್ ಯಾತ್ರೆ ಮೊದಲು ನಡೆದದ್ದು 2008ರ ಡಿಸೆಂಬರಿನಲ್ಲಿ, ಚಳಿಗಾಲದಲ್ಲಿಯೇ. ಮಸಿನಗುಡಿಯ ಕಡೆಯಿಂದ ಊಟಿಗೆ 36 ಕಡಿದಾದ ತಿರುವುಗಳಲ್ಲಿ ಏರುವ ಕಲ್ಲಟ್ಟಿ ಘಟ್ಟ ಆ ಯಾತ್ರಿಕರ ಅಗ್ನಿಪರೀಕ್ಷೆ. ಅದು ಕೆಲವೇ ದಿನಗಳ ಸಾಹಸ. ಊರಿನ ಬಳಗವಾದರೋ ಇಡೀ ಋತುವನ್ನು ದಾಟಬೇಕು. ಅದಕ್ಕೆ ವೇಗಕ್ಕಿಂತ ಮರ್ಯಾದೆ ಮುಖ್ಯ. ಬಲಶಾಲಿಗಳು ಸರದಿಯಂತೆ ಮುಂದೆ ನಡೆದರೆ ಗಾಳಿ ಅವರಲ್ಲಿ ಒಡೆದು, ಹಿಂದಿನವರ ಶ್ರಮ ಹಗುರಾಗುತ್ತದೆ. ಮುಂದಿನವನ ಬೆನ್ನೇ ಹಿಂದಿನವನ ಕಂಬಳಿ. ತೀರ ಮೆಲ್ಲಗೆ ತುಳಿಯುವವನ ನಡೆಯೇ ಎಲ್ಲರ ನಡೆಯಾಗಬೇಕು. ಒಂಟಿಯಾಗಿ ಹಿಂದುಳಿದವನು ಮರುದಿನ ಏಳುವುದಿಲ್ಲ.

ಮಾಗಿಯೆಂದರೆ ಕಬ್ಬು ಹೇರಿದ ಟ್ರ್ಯಾಕ್ಟರುಗಳೂ ರಸ್ತೆಗಿಳಿಯುವ ಕಾಲ. ದೀಪವಿಲ್ಲದೆ ಬೈಸಿಕಲ್ ತುಳಿದವನನ್ನು ಹಿಂದಿನ ಕಾಲದಲ್ಲಿ ಪೊಲೀಸರು ಹಿಡಿದು ದಂಡ ಹಾಕುತ್ತಿದ್ದರು. ಈಗ ಆ ಭಯವಿಲ್ಲ. ಆದರೆ ಮಂಜಿನಲ್ಲಿ ಹಿಂದಿನಿಂದ ಬರುವ ಲಾರಿ ವಿಧಿಸುವ ದಂಡಕ್ಕೆ ಮೇಲ್ಮನವಿಯೂ ಇಲ್ಲ. ಮುಂದೊಂದು ಬಿಳಿಯ ದೀಪ, ಹಿಂದೊಂದು ಕೆಂಪು ದೀಪ ಇಲ್ಲದವನನ್ನು, ಅವನು ಎಷ್ಟೇ ಆಪ್ತನಾದರೂ, ಬಳಗ ಅಂದು ಮನೆಗೆ ಕಳುಹಿಸಬೇಕು. ಮರುದಿನ ಅವನು ದೀಪ ಹಚ್ಚಿಕೊಂಡು ಬಂದನೆಂದರೆ, ಆ ಬಳಗ ಶಿವರಾತ್ರಿಯವರೆಗೂ ಬಾಳುವುದರಲ್ಲಿ ಸಂದೇಹವಿಲ್ಲ.