ಫೋಟೋದಲ್ಲಿ ಶೆವರ್ಲೆ, ಕೈಯಲ್ಲಿ ತುಕ್ಕು!

ಮಂಗಳೂರು: ಸಂಜೆ ಏಳು ಗಂಟೆ. ಗ್ಯಾರೇಜಿನ ಶಟರ್ ಅರ್ಧ ಇಳಿದಿದೆ. ಒಳಗೆ ನಾಲ್ಕು ಮಂದಿ ಒಂದೇ ಮೊಬೈಲಿನ ಮೇಲೆ ಬಗ್ಗಿದ್ದಾರೆ. ಕ್ರಿಕೆಟ್ ಸ್ಕೋರೂ ಅಲ್ಲ, ಚುನಾವಣೆ ಫಲಿತಾಂಶವೂ ಅಲ್ಲ. ಅಮೆರಿಕದ ಒಹಾಯೊದಲ್ಲೋ ಅರಿಜೋನಾದಲ್ಲೋ ಮಾರಾಟಕ್ಕಿಟ್ಟ 1957ರ ಶೆವರ್ಲೆ ಬೆಲ್ ಏರ್! "ರೇಟು ನೋಡಿ ಮಾರಾಯ್ರೇ, ಇಲ್ಲಿನ ಒಂದು ಹೊಸ ಕಾರಿನಷ್ಟೇ ಆಗ್ತದೆ" ಎಂದು ಒಬ್ಬರು. "ಹಡಗಿಗೆ ಹಾಕಿಸಿದರಾಯಿತು" ಎಂದು ಇನ್ನೊಬ್ಬರು. ಹಳೆಯ ಕಾರಿನ ಹುಚ್ಚಿರುವ ಊರುಗಳಲ್ಲೆಲ್ಲ ಈಗ ಇಂಥ ದೃಶ್ಯ ಅಪರೂಪವಲ್ಲ.

ಈ ಆಸೆಗೆ ಕಾರಣವೂ ಇದೆ. ಮೊದಲು 1950ಕ್ಕಿಂತ ಹಿಂದೆ ತಯಾರಾದ ಕಾರುಗಳಿಗೆ ಮಾತ್ರ ಸಲೀಸಾಗಿದ್ದ ಆಮದಿನ ದಾರಿಯನ್ನು ಕೇಂದ್ರ ಸರ್ಕಾರ 2025ರಲ್ಲಿ 50 ವರ್ಷ ದಾಟಿದ ಕಾರುಗಳಿಗೂ ತೆರೆಯಿತು. ಅಂದರೆ ಬೆಲ್ ಏರ್ ಮಾತ್ರವಲ್ಲ, ಇಂಪಾಲಾ, ಮಸ್ಟಾಂಗ್‌ಗಳೂ ಲೆಕ್ಕಕ್ಕೆ ಬಂದವು. ಬಾಗಿಲು ತೆರೆದದ್ದು ನಿಜ. ಆದರೆ ಬಾಗಿಲಾಚೆ ನಿಂತಿರುವವರೆಲ್ಲ ಸಾಹುಕಾರರೇ ಎಂದು ಯಾರು ಹೇಳಿದರು?

ಜಾಹೀರಾತಿನ ಭಾಷೆಯೇ ಬೇರೆ

ಅಮೆರಿಕದಲ್ಲಿ ಹಳೆಯ ಕಾರಿನ ವ್ಯಾಪಾರ ನಿನ್ನೆ ಮೊನ್ನೆಯದಲ್ಲ. ಹೆಮಿಂಗ್ಸ್ ಮೋಟಾರ್ ನ್ಯೂಸ್ ಎಂಬ ಪತ್ರಿಕೆ 1954ರಿಂದ ಇದೇ ಜಾಹೀರಾತುಗಳನ್ನು ಹಾಕಿಕೊಂಡು ಬಂದಿದೆ. 1995ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕ್ರೇಗ್ಸ್‌ಲಿಸ್ಟ್ ಹುಟ್ಟಿತು. 2007ರಲ್ಲಿ ಬ್ರಿಂಗ್ ಎ ಟ್ರೇಲರ್ ಬಂತು. ಅಲ್ಲಿನ ಮಂದಿಗೆ ಜಾಹೀರಾತು ಓದುವುದೇ ಒಂದು ವಿದ್ಯೆ. "ನಿಲ್ಲಿಸಿದಾಗ ಓಡುತ್ತಿತ್ತು" ಎಂದು ಬರೆದಿದ್ದರೆ, ಈಗ ಓಡುವುದಿಲ್ಲ ಎಂದು ಅರ್ಥ. ಯಾವಾಗ ನಿಲ್ಲಿಸಿದ್ದು ಎಂದು ಮಾತ್ರ ಬರೆದಿರುವುದಿಲ್ಲ. "ಕೊಟ್ಟಿಗೆಯಲ್ಲಿ ಸಿಕ್ಕಿದ್ದು" ಎಂದರೆ ಇಲಿ ವೈರಿಂಗ್ ತಿಂದಿದೆ ಎಂದುಕೊಂಡೇ ಮುಂದುವರಿಯಬೇಕು. "ಸ್ವಲ್ಪ ಕೆಲಸ ಬಾಕಿ" ಎಂಬ ಮಾತಂತೂ ನಮ್ಮ ಮನೆ ಕಟ್ಟುವ ಕಂಟ್ರಾಕ್ಟರರ ಮಾತಿನಂತೆಯೇ.

ಅದಕ್ಕಿಂತ ದೊಡ್ಡ ಶತ್ರು ತುಕ್ಕು. ಮಿಶಿಗನ್, ಒಹಾಯೊ ಕಡೆ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ಚಾಸಿಯನ್ನೂ ಕಾಲಡಿಯ ತಗಡನ್ನೂ ತಿಂದು ಹಾಕುತ್ತದೆ. ಮೇಲೆ ಹೊಸ ಪೇಂಟು, ಒಳಗೆ ಪಟ್ಟಿ. ಅದಕ್ಕೇ ಬಲ್ಲವರು ಅರಿಜೋನಾದಂಥ ಒಣ ಸೀಮೆಯ ಕಾರನ್ನೇ ಹುಡುಕುತ್ತಾರೆ. ಕೈಯಲ್ಲೊಂದು ಅಯಸ್ಕಾಂತ ಹಿಡಿದು ಬಾಡಿ ಸುತ್ತ ಓಡಿಸಿ ನೋಡುತ್ತಾರೆ. ಪಟ್ಟಿ ಮೆತ್ತಿದ ಕಡೆ ಅಯಸ್ಕಾಂತ ಹಿಡಿಯುವುದಿಲ್ಲ. ಮಂಗಳೂರಿನಲ್ಲಿ ಕೂತವರ ಅಯಸ್ಕಾಂತ ಮೊಬೈಲಿನ ಫೋಟೋಕ್ಕೆ ಅಂಟೀತೆ?

ನಂಬರಿನ ಮರ್ಮ

ಇನ್ನೊಂದು ಸಂಗತಿ ಇಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಅಮೆರಿಕದಲ್ಲಿ ಪ್ರತಿ ಕಾರಿಗೂ 17 ಅಕ್ಷರ-ಅಂಕಿಗಳ ಒಂದೇ ಮಾದರಿಯ ಗುರುತಿನ ನಂಬರು ಬಂದದ್ದು 1981ರಿಂದ. ಅಲ್ಲಿಂದೀಚಿನ ಕಾರಾದರೆ ಆ ನಂಬರು ಒತ್ತಿ ಅಪಘಾತವೋ ಪ್ರವಾಹದಲ್ಲಿ ಮುಳುಗಿದ್ದೋ ಎಂದು ಜಾತಕ ತೆಗೆಸಬಹುದು. ಹಿಂದಿನವಕ್ಕೆ ಒಂದೊಂದು ಕಂಪೆನಿಯದು ಒಂದೊಂದು ಪದ್ಧತಿ. 50 ವರ್ಷ ದಾಟಿದ ಕಾರೆಂದರೆ ಎಲ್ಲವೂ ಈ ಗೆರೆಯ ಹಿಂದಿನವೇ! ಭಾರತಕ್ಕೆ ಯಾವ ಕಾರು ಬರಬಹುದೋ, ಅದೇ ಕಾರಿನ ಚರಿತ್ರೆ ಯಂತ್ರಕ್ಕೆ ಸಿಗುವುದಿಲ್ಲ. ಸಾಧಾರಣ ಕಾರಿಗೆ ದುಬಾರಿ ಮಾದರಿಯ ಬಿಲ್ಲೆ ಅಂಟಿಸಿ ಮಾರುವವರಿಗೆ ಇಷ್ಟು ಸಾಲದೆ?

ಕಾಗದವೂ ಹಾಗೆಯೇ. ಅಲ್ಲಿ ಮಾಲೀಕತ್ವದ ಪತ್ರಕ್ಕೆ ಟೈಟಲ್ ಎನ್ನುತ್ತಾರೆ. ಕೆಲವು ರಾಜ್ಯಗಳಲ್ಲಿ ತೀರ ಹಳೆಯ ಕಾರಿಗೆ ಅದು ಇರುವುದೇ ಇಲ್ಲ. ಆದರೆ ಕಾರು ದೇಶ ಬಿಡಬೇಕಾದರೆ ಮಾಲೀಕತ್ವದ ದಾಖಲೆಗಳನ್ನು ಅಲ್ಲಿನ ಕಸ್ಟಮ್ಸ್‌ಗೆ 72 ಗಂಟೆ ಮುಂಚೆ ಒಪ್ಪಿಸಲೇಬೇಕು. ಮಾರುವವ "ನಾನು ಸೈನ್ಯದಲ್ಲಿದ್ದೇನೆ, ಊರಲ್ಲಿಲ್ಲ, ಕಾರು ಗೋದಾಮಿನಲ್ಲಿದೆ, ಮುಂಗಡ ಕಳಿಸಿ" ಎಂದರೆ ಗೋದಾಮೂ ಇಲ್ಲ, ಕಾರೂ ಇಲ್ಲ, ಎಷ್ಟೋ ಸಲ ಆ ಸಿಪಾಯಿಯೂ ಇಲ್ಲ.

ಹಡಗಿಳಿದ ಮೇಲೆ

ಎಲ್ಲ ಸರಿಯಾಗಿ ಕಾರು ಬಂದೇ ಬಿಟ್ಟಿತು ಎನ್ನಿ. ಜಾಹೀರಾತಿನಲ್ಲಿದ್ದದ್ದು ಕಾರಿನ ಬೆಲೆ ಮಾತ್ರ. ಹಡಗಿನ ಬಾಡಿಗೆ, ಸುಂಕ, ಬಂದರಿನ ಖರ್ಚು ಬೇರೆ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಕ್ಕೆ 'ವಿಎ' ಸರಣಿಯ ನಂಬರು ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷದ ಅವಧಿ, ನವೀಕರಣಕ್ಕೆ 5,000. ಆದರೆ ಷರತ್ತು ಕೇಳಿ: ಪ್ರದರ್ಶನ, ರ್‍ಯಾಲಿ, ಸಂಶೋಧನೆ, ಪೆಟ್ರೋಲು, ರಿಪೇರಿ ಇಷ್ಟಕ್ಕೇ ರಸ್ತೆಗಿಳಿಸಬೇಕು. ದಿನಬಳಕೆಗೂ ಇಲ್ಲ, ಬಾಡಿಗೆಗೂ ಇಲ್ಲ. ಮದುವೆ ದಿಬ್ಬಣಕ್ಕೆ ಬಾಡಿಗೆ ಬಿಟ್ಟು ಸಾಲ ತೀರಿಸುತ್ತೇನೆಂದು ಲೆಕ್ಕ ಹಾಕಿದವರ ಲೆಕ್ಕ ಇಲ್ಲೇ ತಪ್ಪಿತು. ಸ್ಟಿಯರಿಂಗ್ ಬೇರೆ ಎಡಗಡೆ!

ಈ ನಡುವೆ ಯಾರೂ ನೋಡದ ಒಂದು ಸಂಗತಿ ಮನೆಯ ಹಿತ್ತಿಲಲ್ಲೇ ಇದೆ. ಜನರಲ್ ಮೋಟಾರ್ಸ್ 1928ರಿಂದ 1954ರವರೆಗೆ ಮುಂಬಯಿಯಲ್ಲೇ ಶೆವರ್ಲೆ ಜೋಡಿಸುತ್ತಿತ್ತು. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಈ ದೇಶದಲ್ಲೇ ಕಾರು ಕಾರ್ಖಾನೆ ಆಗಬೇಕೆಂದು ಯೋಜನೆ ಹಾಕಿದರು. ಅದಕ್ಕಾಗಿ ಓಡಾಡಿದ ವಾಲ್‌ಚಂದ್ ಹೀರಾಚಂದ್ ಕಾರ್ಖಾನೆಯನ್ನು ಮೈಸೂರು ಸೀಮೆಗೆ ತರಲು ನೋಡಿದರು. ಬ್ರಿಟಿಷ್ ಸರ್ಕಾರ ಕೈಕೊಟ್ಟಿತು. ಕೊನೆಗೆ ಅದು ಮುಂಬಯಿಯ ಕುರ್ಲಾ ಪಾಲಾಯಿತು. ಅಲ್ಲಿ ಪ್ರೀಮಿಯರ್ ಕಂಪೆನಿ 1947ರಿಂದ ಡಾಡ್ಜ್, ಪ್ಲಿಮತ್, ಡಿಸೋಟೊ ಹೊರತಂದಿತು. ಅವೂ ಅಮೆರಿಕದ ಕಾರುಗಳೇ. ಸ್ಟಿಯರಿಂಗ್ ಬಲಗಡೆ. ಕಾಗದ ಕನ್ನಡ ಬಲ್ಲ ಗುಮಾಸ್ತರ ಕಪಾಟಿನಲ್ಲಿ.

ಅಂಥವನ್ನು ಎಣ್ಣೆ ಬತ್ತಿ ಹಾಕಿ ಉಳಿಸಿಕೊಂಡರೆ ಹೇಗಿರುತ್ತವೆಂದು ನೋಡಬೇಕಾದವರು ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಕಾರುಗಳ ಮುಂದೆ ಅರ್ಧ ಗಂಟೆ ನಿಲ್ಲಲಿ. ಉಳಿಯದ್ದು ಗುಜರಿಯಲ್ಲಿ ಕಿಲೋ ಲೆಕ್ಕ. ಅಜ್ಜ ತೀರಿದರು, ಆರ್.ಸಿ. ಅವರ ಹೆಸರಲ್ಲೇ ಉಳಿಯಿತು, ಮೊಮ್ಮಕ್ಕಳು ದುಬೈ, ಬೆಂಗಳೂರು ಸೇರಿದರು. ಟಾರ್ಪಾಲಿನಡಿ ಮಳೆ ನೀರು. ಕಾಗದ ಸರಿಮಾಡಿಸಿಕೊಳ್ಳಲು ಆರ್.ಟಿ.ಓ. ಮೆಟ್ಟಿಲು ನಾಲ್ಕು ಸಲ ಹತ್ತುವ ತಾಳ್ಮೆ ಯಾರಿಗಿದೆ? ಗುಜರಿಯವನು ಮಾತ್ರ ಒಂದೇ ಸಲ ಬಂದು ಹಣ ಎಣಿಸುತ್ತಾನೆ. ಕಿವಿಯಲ್ಲೇ ಇಂಜಿನ್ನಿನ ರೋಗ ಹಿಡಿಯುವ ಹಳೆಯ ಫಿಟ್ಟರುಗಳಿಗೂ ವಯಸ್ಸಾಯಿತು. ಶಿಷ್ಯರು ಹೊಸ ಕಾರಿನ ಶೋರೂಮು ಸೇರಿದರು. ನಾಳೆ ಅಮೆರಿಕದ ಕಾರು ನಿಜಕ್ಕೂ ಬಂದಿಳಿದರೆ ಅದರ ಕಾರ್ಬ್ಯುರೇಟರ್ ಬಿಚ್ಚುವವರು ಯಾರು?

ಆಮದು ಬೇಡವೆಂದು ಯಾರೂ ಹೇಳುತ್ತಿಲ್ಲ. ದುಡ್ಡಿದ್ದವರು ತರಿಸಲಿ, ಊರಿಗೂ ಒಂದು ಶೋಭೆ. ಆದರೆ ಮುಂಗಡ ಕಳಿಸುವ ಮೊದಲು ಅಲ್ಲಿರುವ ನೆಂಟರೋ ಸ್ನೇಹಿತರೋ ಹೋಗಿ ಕಾರಿನಡಿ ಮಲಗಿ ನೋಡಲಿ. ಸಾರಿಗೆ ಇಲಾಖೆ ಹಳೆಯ ವಾಹನದ ವಾರಸುದಾರರಿಗೆಂದು ತಿಂಗಳಿಗೊಂದು ದಿನ ಮೀಸಲಿಡಲಿ. ಕಾಗದ ಸರಿಯಾದರೆ ಅರ್ಧ ಕಾರು ಉಳಿದಂತೆ.

ಇಲ್ಲವಾದರೆ ಸಂಜೆ ಏಳಕ್ಕೆ ಮೊಬೈಲಿನಲ್ಲಿ ಒಹಾಯೊದ ಶೆವರ್ಲೆ ನೋಡುತ್ತಾ ಕೂತಿರಬೇಕು. ಆ ಹೊತ್ತಿಗೆ ಪಕ್ಕದ ಬೀದಿಯ ಪ್ಲಿಮತ್ ಗುಜರಿ ಲಾರಿ ಹತ್ತಿರುತ್ತದೆ.