ಕುಲುಮೆಯ ಕಾಣದ ಅನಿಲ

ಹಿರೇಹಂದಿಗೋಳದ ಕಡೆಯ ವಿದ್ಯಾರ್ಥಿಗಳಿಗೆ ಗದಗ ಸೀಮೆಯ ಗಾಳಿಯಂತ್ರಗಳು ಹೊಸತಲ್ಲ. ಇಂತಹ ಯಂತ್ರಗಳಲ್ಲಿ ಎಲ್ಲವುಗಳಲ್ಲಿ ಅಲ್ಲದಿದ್ದರೂ ಕೆಲವು ಬಗೆಗಳಲ್ಲಿ ನಿಯೋಡೈಮಿಯಂ ಎಂಬ ವಿರಳ ಭಸ್ಮ ಲೋಹದಿಂದಾದ ಪ್ರಬಲ ಕಾಂತಗಳಿರುತ್ತವೆ. ವಿದ್ಯುತ್ ವಾಹನಗಳಲ್ಲಿಯಂತೂ ಅವು ಸಾಮಾನ್ಯ. ಈ ಕಾಂತಗಳನ್ನು ನಮ್ಮಲ್ಲಿಯೇ ತಯಾರಿಸುವುದಕ್ಕಾಗಿ ಕೇಂದ್ರ ಸರಕಾರವು 2025ರ ನವೆಂಬರಿನಲ್ಲಿ 7,280 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆಯಿತ್ತಿತು. ವರ್ಷಕ್ಕೆ 6,000 ಟನ್ ಕಾಂತ ಅದರ ಗುರಿ. ಸಂತೋಷದ ಸಂಗತಿಯೇ. ಆದರೆ ಆಕ್ಸೈಡನ್ನು ಲೋಹವಾಗಿಸುವ ಕುಲುಮೆಯಿಂದ ಹೊರಡುವ ಅನಿಲಗಳ ಲೆಕ್ಕವೂ ಮೊದಲ ದಿನದಿಂದಲೇ ಇರಬೇಕೆಂಬುದು ನನ್ನ ಅಭಿಪ್ರಾಯ.

ನಿಯೋಡೈಮಿಯಂ ಮತ್ತು ಲಿಥಿಯಂ ಫ್ಲೋರೈಡುಗಳನ್ನು ಸುಮಾರು 1,050 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗಿಸಿ, ಆ ದ್ರವದಲ್ಲಿ ನಿಯೋಡೈಮಿಯಂ ಆಕ್ಸೈಡನ್ನು ಬೆರೆಸಿ ವಿದ್ಯುತ್ತನ್ನು ಹರಿಸುತ್ತಾರೆ. ಲೋಹವು ಟಂಗ್‌ಸ್ಟನ್ನಿನ ಋಣಧ್ರುವದಲ್ಲಿ ಬಿಡುಗಡೆಯಾಗಿ ಕೆಳಗಿನ ಮೂಸೆಗೆ ಇಳಿಯುತ್ತದೆ. ಆಕ್ಸಿಜನ್ನು ಗ್ರಾಫೈಟಿನ ಧನಧ್ರುವವನ್ನು ಸುಟ್ಟು ಇಂಗಾಲದ ಆಕ್ಸೈಡುಗಳಾಗಿ ಹೊರಬೀಳುತ್ತದೆ. ತೊಡಕಿರುವುದು ಮುಂದೆ. ಆ ದ್ರವದಲ್ಲಿ ಆಕ್ಸೈಡು ಕರಗುವುದು ಶೇಕಡಾ ಕೆಲವೇ ಪಾಲು. ಹೆಚ್ಚಾದರೆ ತಳದಲ್ಲಿ ಕೆಸರಾಗಿ ಕೂಡುತ್ತದೆ. ಕಡಿಮೆಯಾದರೆ ಫ್ಲೋರೈಡೇ ಒಡೆದು, ಫ್ಲೋರಿನ್ನು ಇಂಗಾಲದೊಡನೆ ಕೂಡಿ ಕಾರ್ಬನ್ ಟೆಟ್ರಾಫ್ಲೋರೈಡು ಹುಟ್ಟುತ್ತದೆ.

ಫ್ಲೋರೈಡಿನ ಪರಿಚಯವನ್ನು ಮುಂಡರಗಿಯ ಕಡೆಯವರಿಗೆ ಹೊಸದಾಗಿ ಮಾಡಿಕೊಡಬೇಕಿಲ್ಲ. ಅಲ್ಲಿ ಕೊಳವೆಬಾವಿಯ ನೀರಿನಿಂದ ಹಲ್ಲು ಕಂದಿದವರುಂಟು. ಕುಲುಮೆಗೆ ತೇವ ತಗುಲಿದಾಗ ಏಳುವ ಹೈಡ್ರೋಜನ್ ಫ್ಲೋರೈಡು ಘಾಟಿನದು, ವಿಷದ್ದು; ಆದರೂ ಅದನ್ನು ಸುಣ್ಣದ ನೀರಿನಿಂದ ತೊಳೆದು ಹಿಡಿಯಬಹುದು. ಟೆಟ್ರಾಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸುಣ್ಣಕ್ಕೆ ಅದು ಸೊಪ್ಪು ಹಾಕದು. ವಾಯುಮಂಡಲವನ್ನು ಸೇರಿದರೆ ಸುಮಾರು 50,000 ವರ್ಷ ಉಳಿಯುತ್ತದೆ. ನೂರು ವರ್ಷಗಳ ಅವಧಿಯಲ್ಲಿ, ತೂಕಕ್ಕೆ ತೂಕ, ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 7,000 ಪಟ್ಟು ಹೆಚ್ಚಾಗಿ ಭೂಮಿಯನ್ನು ಕಾಯಿಸುತ್ತದೆ. ಇದನ್ನು ಹುಟ್ಟದಂತೆ ನೋಡಿಕೊಳ್ಳುವುದೇ ಸರಿಯಾದ ಉಪಾಯ.

ಆ ಉಪಾಯ ತಿಳಿಯದ್ದೇನೂ ಅಲ್ಲ. ಹಿಂದೆ ನಮ್ಮ ಬೆಳಗಾವಿಯಲ್ಲಿಯೂ ನಡೆದಿದ್ದ ಅಲ್ಯೂಮಿನಿಯಂ ವಿದ್ಯುದ್ವಿಭಜನೆಗೂ ಇದೇ ಅನಿಲದ ಕಾಟವುಂಟು. ಲೋಕದ ದೊಡ್ಡ ಅಲ್ಯೂಮಿನಿಯಂ ಕಾರಖಾನೆಗಳು ವೋಲ್ಟೇಜು ಏರುವುದನ್ನು ಕ್ಷಣಕ್ಷಣಕ್ಕೂ ಗಮನಿಸಿ, ಯಂತ್ರದ ಮೂಲಕ ಆಕ್ಸೈಡನ್ನು ಸ್ವಲ್ಪಸ್ವಲ್ಪವಾಗಿ ಉಣಿಸಿ, ಅದನ್ನು ಬಹುಮಟ್ಟಿಗೆ ತಗ್ಗಿಸಿವೆ. ವಿರಳ ಭಸ್ಮದ ಕುಲುಮೆಗಳಾದರೋ ಚಿಕ್ಕವು; ಬಾಯಿ ತೆರೆದು, ಕೈಯಿಂದಲೇ ಆಕ್ಸೈಡು ಹಾಕುವಂಥವೂ ಇವೆ. ಅಗ್ಗವೆಂದು ಅಂತಹವನ್ನೇ ನಾವು ತಂದಿರಿಸಬಾರದು. ಸರಕಾರದ ಸಹಾಯಧನವು ಟನ್ನಿನ ಲೆಕ್ಕದೊಂದಿಗೆ ಅನಿಲದ ಲೆಕ್ಕವನ್ನೂ ಕೇಳಲಿ. ಅಳೆಯುವುದು ಕಷ್ಟವೆಂದು ಯಾರೂ ಹೇಳುವಂತಿಲ್ಲ: ಟೆಟ್ರಾಫ್ಲೋರೈಡು ಭೂಮಿಯನ್ನು ಕಾಯಿಸುವುದು ಅವಕೆಂಪು ಕಿರಣಗಳನ್ನು ಹೀರುವುದರಿಂದ, ಅದೇ ಹೀರಿಕೆಯಿಂದ ಅವಕೆಂಪು ರೋಹಿತಮಾಪಕವು ಹೊಗೆಕೊಳವೆಯಲ್ಲಿ ಅದನ್ನು ಗುರುತಿಸಿ ಅಳೆಯುತ್ತದೆ.