ರೋಬಾಟ್ ತರುವ ಮುನ್ನ ಒಂದು ಮಾತು



ನಾಲ್ಕು ಜನ ಕನ್ನಡಿಗರು ಸೇರಿದ ಕಡೆ ಈಗ ಎರಡೇ ವಿಷಯ: ಒಂದು ಮನೆ ಬೆಲೆ, ಇನ್ನೊಂದು ಎಐ. "ಇನ್ನು ಫ್ಯಾಕ್ಟರಿ ಕೆಲಸ ಯಾರಿಗೂ ಇರಲ್ಲ ಬಿಡಿ, ಎಲ್ಲಾ ರೋಬಾಟೇ ಮಾಡುತ್ತೆ" ಅಂತ ಒಬ್ಬರು. "ಹಾಗೇನಿಲ್ಲ, ಹಳೆ ಕೆಲಸ ಹೋದರೆ ಹೊಸದು ಬಂದೇ ಬರುತ್ತೆ" ಅಂತ ಇನ್ನೊಬ್ಬರು. ಇಬ್ಬರೂ ಯಂತ್ರವನ್ನು ಮಳೆ ಬಿಸಿಲಿನ ಹಾಗೆ ನೋಡುತ್ತಾರೆ, ತಾನಾಗಿ ಬರುವಂಥದ್ದು ಎಂದು. ಆದರೆ ಯಂತ್ರವನ್ನು ಯಾರೋ ಕಟ್ಟುತ್ತಾರೆ, ಯಾರೋ ಕೊಳ್ಳುತ್ತಾರೆ. ಆ 'ಯಾರೋ'ಗಳಲ್ಲಿ ನಮ್ಮವರೂ ಬಹಳ ಜನ ಇದ್ದೇವೆ!

ನಮ್ಮ ಬೇ ಏರಿಯಾದವರು ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಫ್ರೀಮಾಂಟಿನಲ್ಲಿ 880 ಹೆದ್ದಾರಿಯ ಪಕ್ಕದ ಟೆಸ್ಲಾ ಕಾರ್ಖಾನೆಯನ್ನು ಎಲ್ಲರೂ ನೋಡಿದ್ದೀರಿ. ಟೆಸ್ಲಾಗೆ ಮೊದಲು ಅದೇ ಜಾಗದಲ್ಲಿ ಎರಡು ಸಂಸಾರಗಳು ನಡೆದು ಹೋಗಿವೆ.

ಮೊದಲನೆಯದು ಜನರಲ್ ಮೋಟಾರ್ಸ್. ಕೆಲಸಗಾರರಿಗೂ ಆಡಳಿತಕ್ಕೂ ಎಣ್ಣೆ-ಸೀಗೆಕಾಯಿ ಸಂಬಂಧ. ಐದರಲ್ಲಿ ಒಬ್ಬರು ಕೆಲಸಕ್ಕೇ ಬಾರದ ದಿನಗಳಿದ್ದವು. 1982ರಲ್ಲಿ ಬಾಗಿಲು ಹಾಕಿತು. 1984ರಲ್ಲಿ ಟೊಯೋಟಾ ಜೊತೆ ಸೇರಿ 'ನುಮ್ಮಿ' ಎಂಬ ಹೆಸರಿನಲ್ಲಿ ಮತ್ತೆ ಶುರುವಾದಾಗ ಸೇರಿಸಿಕೊಂಡಿದ್ದು ಬಹುಪಾಲು ಅದೇ ಹಳೆಯ ಕೆಲಸಗಾರರನ್ನು. ನೂರಾರು ಜನರನ್ನು ಜಪಾನಿಗೆ ಕಳಿಸಿ ತರಬೇತಿ ಕೊಡಿಸಿದರು. ತಪ್ಪು ಕಂಡರೆ ಯಾರು ಬೇಕಾದರೂ ಹಗ್ಗ ಎಳೆದು ಇಡೀ ಲೈನನ್ನೇ ನಿಲ್ಲಿಸುವ ಅಧಿಕಾರ ಕೊಟ್ಟರು. ಎಂಐಟಿ ಸಂಶೋಧಕರು 1980ರ ದಶಕದಲ್ಲಿ ಲೆಕ್ಕ ಹಾಕಿದಾಗ ಒಂದು ಕಾರು ಜೋಡಿಸಲು ಮ್ಯಾಸಚೂಸೆಟ್ಸಿನ ಫ್ರೇಮಿಂಗ್‌ಹ್ಯಾಮಿನಲ್ಲಿದ್ದ ಜಿಎಂ ಕಾರ್ಖಾನೆಗೆ 31 ಗಂಟೆಗಳ ದುಡಿಮೆ ಬೇಕಾಗುತ್ತಿತ್ತು. ನುಮ್ಮಿಗೆ 19 ಸಾಕಾಗಿತ್ತು. ವಿಚಿತ್ರವೆಂದರೆ ಅದೇ ದಶಕದಲ್ಲಿ ಜಿಎಂ ಬೇರೆ ಕಡೆ ರೋಬಾಟುಗಳಿಗೆಂದು ನೂರಾರು ಕೋಟಿ ಡಾಲರ್ ಸುರಿಯುತ್ತಿತ್ತು. 1985ರಲ್ಲಿ ಡೆಟ್ರಾಯ್ಟಿನ ಹ್ಯಾಮ್‌ಟ್ರಾಮಿಕ್‌ನಲ್ಲಿ ತೆರೆದ ಹೊಸ ಕಾರ್ಖಾನೆಯಲ್ಲಿ ರೋಬಾಟುಗಳು ಕಾರು ಬಿಟ್ಟು ಒಂದಕ್ಕೊಂದು ಬಣ್ಣ ಬಳಿದುಕೊಂಡವು ಎಂದು ಆಗಿನ ಪತ್ರಿಕೆಗಳು ಬರೆದವು!

ನುಮ್ಮಿಯ ಗುಟ್ಟು ಎಲ್ಲಿತ್ತು? ಕಾರ್ಮಿಕ ಸಂಘದೊಂದಿಗಿನ ಒಪ್ಪಂದದಲ್ಲಿ. ಯಾರನ್ನಾದರೂ ಕೆಲಸದಿಂದ ತೆಗೆಯುವ ಮೊದಲು ಅಧಿಕಾರಿಗಳ ಸಂಬಳ ಕಡಿತ ಮಾಡುತ್ತೇವೆ, ಹೊರಗೆ ಕೊಟ್ಟ ಗುತ್ತಿಗೆ ಕೆಲಸವನ್ನು ಒಳಗೆ ತರುತ್ತೇವೆ ಎಂದು ಅದರಲ್ಲಿ ಬರೆದುಕೊಟ್ಟಿದ್ದರು. 1988ರ ಹೊತ್ತಿಗೆ ಕಾರುಗಳ ಮಾರಾಟ ಕುಸಿದಾಗ ಮಾತು ಉಳಿಸಿಕೊಂಡರು. ಯಾರನ್ನೂ ಮನೆಗೆ ಕಳಿಸದೆ, ಬಿಡುವಾದವರನ್ನು ತರಬೇತಿಗೆ ಕೂರಿಸಿದರು. ತನ್ನ ಕೆಲಸಕ್ಕೇ ಕುತ್ತು ಬರುವುದಿಲ್ಲ ಎಂಬ ಧೈರ್ಯವಿದ್ದವನು ಮಾತ್ರ "ಈ ಕೆಲಸವನ್ನು ಇನ್ನೂ ಕಡಿಮೆ ಜನ ಮಾಡಬಹುದು ಸಾರ್" ಎಂದು ಬಾಯಿಬಿಟ್ಟು ಹೇಳುತ್ತಾನೆ.

ಮೂರನೆಯ ಸಂಸಾರ ಟೆಸ್ಲಾದ್ದು. 2018ರಲ್ಲಿ ಮಾಡೆಲ್ 3 ತಯಾರಿಕೆ ಮುಗ್ಗರಿಸಿದಾಗ ಅತಿಯಾದ ಯಾಂತ್ರೀಕರಣ ತಪ್ಪಾಯಿತೆಂದು ಎಲಾನ್ ಮಸ್ಕ್ ಅವರೇ ಒಪ್ಪಿಕೊಂಡರು. ಬ್ಯಾಟರಿಯ ಮೇಲೆ ಹೊದಿಸುವ ಫೈಬರ್‌ಗ್ಲಾಸಿನ ಮೆತ್ತನೆಯ ಹಾಸನ್ನು ಎತ್ತಿಡಲು ರೋಬಾಟಿನ ಕೈಲಿ ಆಗಲಿಲ್ಲ. ಕೊನೆಗೆ ಅಂಗಳದಲ್ಲಿ ದೊಡ್ಡ ಡೇರೆ ಹಾಕಿ, ಜನರನ್ನು ನಿಲ್ಲಿಸಿ ಇನ್ನೊಂದು ಲೈನ್ ನಡೆಸಬೇಕಾಯಿತು.

ಹಾಗಾದರೆ ರೋಬಾಟಿನಿಂದ ಕೆಲಸ ಹೋಗುವುದೇ ಇಲ್ಲವೇ? ಖಂಡಿತ ಹೋಗುತ್ತದೆ. 2024ರಲ್ಲಿ ನೊಬೆಲ್ ಪಡೆದವರಲ್ಲಿ ಒಬ್ಬರಾದ ಡ್ಯಾರನ್ ಅಸೆಮೊಗ್ಲು ಮತ್ತು ಪಾಸ್ಕುವಲ್ ರೆಸ್ಟ್ರೆಪೊ 1990ರಿಂದ 2007ರವರೆಗಿನ ಅಮೆರಿಕವನ್ನು ಅಧ್ಯಯನ ಮಾಡಿದ್ದಾರೆ. ಒಂದು ರೋಬಾಟ್ ಬಂದರೆ ದೇಶದಲ್ಲಿ ಸರಾಸರಿ ಮೂರಕ್ಕಿಂತ ಹೆಚ್ಚು ಕೆಲಸಗಳು ಹೋದವು ಎನ್ನುತ್ತದೆ ಅವರ ಲೆಕ್ಕ. ಹೊಸ ಕೆಲಸ ಹುಟ್ಟಬಹುದು, ಆದರೆ ಅದು ಹುಟ್ಟುವ ಊರು ಬೇರೆ, ಕೆಲಸ ಕಳೆದುಕೊಂಡವನ ಊರು ಬೇರೆ. ಐವತ್ತು ದಾಟಿದ ವೆಲ್ಡರಿಗೆ "ಪ್ರೋಗ್ರಾಮಿಂಗ್ ಕಲಿತುಕೋ" ಎಂದು ಉಪದೇಶ ಮಾಡುವುದು ನಮಗೆ ಸುಲಭವಾಗಿತ್ತು. ಈಗ ಎಐ ಪ್ರೋಗ್ರಾಮನ್ನೂ ಬರೆಯುತ್ತಿದೆ. ಅದೇ ಉಪದೇಶ ನಮ್ಮ ಬಾಗಿಲಿಗೆ ಬಂದು ನಿಂತಿದೆ. ಕೇಳಲು ಅಷ್ಟೇನೂ ಹಿತವಾಗಿಲ್ಲ, ಅಲ್ಲವೇ?

"ಹೀಗೆ ಮಾತು ಕೊಡುತ್ತಾ ಕೂತರೆ ಕಂಪನಿ ಮುಳುಗುತ್ತೆ" ಎನ್ನುವವರಿದ್ದಾರೆ. ನುಮ್ಮಿಯೂ 2010ರಲ್ಲಿ ಮುಚ್ಚಿತು, ಸುಮಾರು 4,700 ಜನ ಬೀದಿಗೆ ಬಿದ್ದರು, ನಿಜ. ಆದರೆ 2009ರಲ್ಲಿ ದಿವಾಳಿಯಾದ ಜಿಎಂ ಪಾಲುದಾರಿಕೆಯಿಂದ ಹೊರನಡೆದಿತ್ತು. ಒಬ್ಬಂಟಿಯಾಗಿ ಮುಂದುವರಿಸಲು ಟೊಯೋಟಾ ಒಪ್ಪಲಿಲ್ಲ. ಮಾಲೀಕರೇ ಎದ್ದು ಹೋದರೆ ಯಾವ ಒಪ್ಪಂದವೂ ಕಾಯುವುದಿಲ್ಲ. ಕೊಟ್ಟ ಮಾತಿನಿಂದ ಕಾರ್ಖಾನೆ ಮುಳುಗಿತು ಎನ್ನಲು ಮಾತ್ರ ಆಧಾರವಿಲ್ಲ.

ಅದೇ ಟೊಯೋಟಾ ನಮ್ಮ ಬಿಡದಿಯಲ್ಲೂ ಇದೆ. ಅಲ್ಲಿ 2007ರಿಂದ ನಡೆಯುತ್ತಿರುವ ತರಬೇತಿ ಸಂಸ್ಥೆ ಹತ್ತನೇ ತರಗತಿ ಮುಗಿಸಿದ ಹಳ್ಳಿಯ ಬಡ ಮಕ್ಕಳಿಗೆ ಮೂರು ವರ್ಷ ಉಚಿತವಾಗಿ ಕೆಲಸ ಕಲಿಸುತ್ತದೆ. ಯಂತ್ರದ ಜೊತೆ ಮನುಷ್ಯನನ್ನೂ ತಯಾರು ಮಾಡುವುದು ಎಂದರೆ ಇದು.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ನಮ್ಮಲ್ಲಿ ರೋಬಾಟಿಗೆ ತಂತ್ರಾಂಶ ಬರೆಯುವವರಿದ್ದೇವೆ, ಕೊಳ್ಳುವ ಕಾಗದಕ್ಕೆ ಸಹಿ ಹಾಕುವ ಮ್ಯಾನೇಜರುಗಳಿದ್ದಾರೆ. ಮುಂದಿನ ಮೀಟಿಂಗಿನಲ್ಲಿ ಮೂರು ಪ್ರಶ್ನೆ ಕೇಳಿ: ಈ ಯಂತ್ರ ಬರುವ ಸುದ್ದಿ ಆ ಕೆಲಸ ಮಾಡುತ್ತಿರುವವರಿಗೆ ಗೊತ್ತೇ? ಅವರಿಗೆ ಸಂಬಳ ಸಹಿತ ತರಬೇತಿ ಉಂಟೇ? ಇದರಿಂದ ಯಾರನ್ನೂ ತೆಗೆಯುವುದಿಲ್ಲ ಎಂದು ಬರೆದುಕೊಡುತ್ತೀರಾ? ಉಳಿತಾಯದ ಲೆಕ್ಕ ಹೇಳುವ ಸ್ಲೈಡಿನ ಪಕ್ಕದಲ್ಲೇ ಈ ಉತ್ತರಗಳೂ ಇರಲಿ. ಕೇಳಿದವರಿಗೆ ಬಡ್ತಿ ಸಿಗಲಿಕ್ಕಿಲ್ಲ. ಆದರೆ ನಾಳೆ ನಮ್ಮ ಕೆಲಸದ ಸರದಿ ಬಂದಾಗ, ಇದೇ ಪ್ರಶ್ನೆಗಳನ್ನು ನಮ್ಮ ಪರವಾಗಿ ಕೇಳುವ ಅಭ್ಯಾಸ ಯಾರಿಗಾದರೂ ಇರಬೇಕಲ್ಲ?

ನೀವೇನಂತೀರಿ? ಒಪ್ಪದಿದ್ದವರು ಮೊದಲು ಬರೆಯಿರಿ.